ಕೊಂಬೆಗೆ ನೇತುಬಿದ್ದ ಹಸಿರು ಡಿಸ್ಕ್

ತಟ್ಟೆಯಂಥ ಡಿಸ್ಕನ್ನು ದೂರದ ಸರಪಳಿ ಬುಟ್ಟಿಗೆ ಎಸೆಯುವ ಆಟವನ್ನು ಇಬ್ಬರಿಗೂ ಕಲಿಸಿದ್ದ ತಾಯಿಯನ್ನು ಮಣ್ಣುಮಾಡಿ ಬಂದ ಸಂಜೆ ಯಾರ್ಕೊ ಅಕ್ಕ ಮಿರ್ವಾಳಿಗೆ ಮಾತು ಕೊಟ್ಟಿದ್ದ: "ಎಲ್ಲೇ ಹೊಸ ಡಿಸ್ಕ್ ಗಾಲ್ಫ್ ಮೈದಾನ ಆಗ್ಲಿ, ಮೊದಲ ಆಟ ನಿನ್ ಜೊತೇನೇ." ಆಮೇಲೆ ವರ್ಷಗಳು ಉರುಳಿದವು, ಇಬ್ಬರಿಗೂ ಸಂಸಾರವಾಯಿತು, ಭೇಟಿಯೇ ಅಪರೂಪವಾಯಿತು. ಮಿರ್ವಾಳ ಪಾಲಿಗೆ ತಮ್ಮ ಅಂತ ಉಳಿದಿದ್ದು ಈ ಮಾತೊಂದೇ.

ಹಾಗಾಗಿ ಲಹ್ತಿ ಊರಿನ ಉದ್ಯಾನದಲ್ಲಿ ಹೊಸ ಮೈದಾನ ತೆರೆದಾಗ ಅವಳು ಅವನಿಗಾಗಿ ಕಾದಳು. ಅವನು ಒಂದು ಶನಿವಾರ ಹಲ್ಲುನೋವೆಂದ, ಇನ್ನೊಂದು ಶನಿವಾರ ಕೆಲಸವೆಂದ. ಇವತ್ತು ಅಂತೂ ಒಪ್ಪಿದ್ದ. ಬೇಕರಿಯ ರಾತ್ರಿ ಪಾಳಿ ಮುಗಿಸಿದವಳು ಮಕ್ಕಳಿಗೆ ಗಂಜಿ ಬೇಯಿಸಿಟ್ಟು, ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ನಿದ್ದೆಗೆಟ್ಟೇ ಬಂದಿದ್ದಳು.

"ಏನಕ್ಕಾ, ಕಣ್ಣು ನಿಮ್ ಬೇಕರಿ ಬನ್ ಥರ ಊದಿದೆ!"

"ಬಾಯ್ಮುಚ್ಕೊಂಡು ಎಸಿಯೋ. ಈ ಕಣ್ಣಲ್ಲೇ ನಿನ್ನ ಸೋಲಿಸ್ತೀನಿ."

ಮೂರನೆಯ ಬುಟ್ಟಿ ಬರ್ಚ್ ಮರಗಳ ತಿರುವಿನಾಚೆ ಮರೆಯಾಗಿತ್ತು. ಗೊತ್ತಿಲ್ಲದ ಮೈದಾನದಲ್ಲಿ ಎಂಥ ಆಟಗಾರನೂ ಮೊದಲು ನಡೆದುಹೋಗಿ ಬುಟ್ಟಿ ಎಲ್ಲಿದೆ ಎಂದು ನೋಡಿಬರುತ್ತಾನೆ. ಮಿರ್ವಾ ನೋಡಿಬರೋಣವೆಂದು ಚೀಲ ಕೆಳಗಿಡುವಷ್ಟರಲ್ಲಿ ಯಾರ್ಕೊ ಎಸೆದೇಬಿಟ್ಟ. ಡಿಸ್ಕ್ ತಿರುವಿಗೆ ಸರಿಯಾಗಿ ಬಾಗಿತು. ಆಚೆಯಿಂದ ಬುಟ್ಟಿಯ ಸರಪಳಿ ಝಣ್ಣೆಂದಿತು.

"ನೋಡ್ದೇನೇ ಎಸೆದ್ಯಲ್ಲೋ!"

"ಅದೃಷ್ಟ ಅಕ್ಕಾ, ಅದೃಷ್ಟ."

ಅವಳು ಮನಸಾರೆ ಚಪ್ಪಾಳೆ ತಟ್ಟಿದಳು.

ಮುಂದೆ ಕೊಳದ ಪಕ್ಕದ ಮರದ ಕೊಂಬೆಗೆ ಹಸಿರು ಡಿಸ್ಕೊಂದನ್ನು ಸಿಕ್ಕಿಸಲಾಗಿತ್ತು. ಯಾರೋ ಕಳೆದುಕೊಂಡದ್ದು, ಸಿಕ್ಕವರು ಎಲ್ಲರೂ ಮಾಡುವ ಹಾಗೆ ಕಣ್ಣಿಗೆ ಬೀಳಲೆಂದು ಎತ್ತಿಟ್ಟದ್ದು. ಡಿಸ್ಕಿನ ಹಿಂಬದಿ ಒಡೆಯರು ಬರೆದಿಡುವ ನಂಬರಿಗೆ ಫೋನ್ ಮಾಡಿ ತಿಳಿಸೋಣವೆಂದು ಮಿರ್ವಾ ಅದನ್ನು ಇಳಿಸಿ ತಿರುಗಿಸಿದಳು. ಅಲ್ಲಿದ್ದದ್ದು ಯಾರ್ಕೊನ ನಂಬರು. ಅಕ್ಷರ ಅವಳದೇ. ಅವನ ಹುಟ್ಟುಹಬ್ಬಕ್ಕೆ ಅವಳೇ ಬರೆದು ಕೊಟ್ಟದ್ದು.

"ಇದು ಇಲ್ಲಿಗೆ ಹೇಗ್ ಬಂತು?"

ಯಾರ್ಕೊ ನೀರಿನತ್ತ ನೋಡಿದ. "ಆಫೀಸಿನೋರು ಆಡೋಕೆ ಕರೆದ್ರು, ಬಿಡ್ಲೇ ಇಲ್ಲ... ಒಂದೇ ಒಂದು ಆಟ."

"ಯಾವತ್ತು?"

"ಹಲ್ಲುನೋವು ಅಂದಿದ್ನಲ್ಲ, ಅವತ್ತು."

"ಹಲ್ಲು ಈಗ ಹೇಗಿದೆ?"

"ಅಕ್ಕಾ, ನೀನು ಬೇಜಾರು ಮಾಡ್ಕೋತೀಯ ಅಂತ ಹೇಳ್ಲಿಲ್ಲ. ಬಿಡು, ಇದೇ ಮೊದಲನೇ ಸಲ ಅಂದ್ಕೊಂಡು ಆಡೋಣ."

"ನೀನು ಇಷ್ಟೊತ್ತು ಆಡಿದ್ದು ಹಾಗೇ ತಾನೆ? ನಾನು ಚಪ್ಪಾಳೆ ಬೇರೆ ತಟ್ಟಿದೆ."

ಡಿಸ್ಕನ್ನು ಅವನ ಕೈಗಿಟ್ಟಳು. ಇಬ್ಬರಿಗೂ ಎಂದು ತಂದಿದ್ದ ಕಾಫಿಯನ್ನು ಮುಚ್ಚಳ ತೆರೆಯದೆ ಚೀಲದಲ್ಲೇ ಹೊತ್ತು ಬಸ್ ನಿಲ್ದಾಣದ ಕಡೆ ನಡೆದಳು. ಉಳಿದ ಬುಟ್ಟಿಗಳು ಎಲ್ಲೆಲ್ಲಿವೆ ಎಂದು ಅವಳು ನೋಡಲಿಲ್ಲ.

ಯಾರ್ಕೊ ಕೊಟ್ಟ ಮಾತು ಮುರಿದಿದ್ದ.