ಕೆಂಪು ಪಟ್ಟಿಯ ಹೊರೆ

ಕೊಯ್ಲು ಮುಗಿಯುವ ವಾರ. ಬೆಳಗಿನಿಂದ ಸುಡುತ್ತಿದ್ದ ಬಿಸಿಲು ಮಧ್ಯಾಹ್ನ ದಾಟುತ್ತಲೇ ಮಂಕಾಯಿತು. ಪಡುವಣದಲ್ಲಿ ಮೋಡ ಕಟ್ಟತೊಡಗಿತು. ದೊಡ್ಡಸೊಸೆ ಗೋಧಿಯ ಹೊರೆಗಳನ್ನು ಒಂದೊಂದಾಗಿ ಎತ್ತಿಕೊಡುತ್ತಿದ್ದಳು. ಅವಳ ಮಗ ಗಾಡಿಯ ಮೇಲೆ ನಿಂತು ಒಟ್ಟುತ್ತಿದ್ದ. ಅತ್ತೆ ತೀರಿಹೋಗಿ ಎಷ್ಟೋ ಕಾಲವಾಗಿತ್ತು, ಗಂಡನೂ ಇರಲಿಲ್ಲ, ಅವಳ ತಲೆಯೇ ನರೆತಿತ್ತು. ಆದರೂ ಊರಿನ ಬಾಯಲ್ಲಿ ಅವಳಿನ್ನೂ ದೊಡ್ಡಸೊಸೆ. ಅವಳ ಮೈದುನನ ಹೆಂಡತಿ ಚಿಕ್ಕಸೊಸೆ.

ಹೊರೆಗಳಲ್ಲಿ ಒಂದು ಬೀಜದ್ದು. ಕೊಯ್ಲಿಗೆ ಮೊದಲೇ ಹೊಲವೆಲ್ಲ ತಿರುಗಿ, ತುಂಬಿದ ತೆನೆಗಳನ್ನೇ ಆರಿಸಿ ಕಟ್ಟಿದ್ದು. ಗುರುತಿಗೆ ಹಳೇ ಬಟ್ಟೆಯ ಕೆಂಪು ಪಟ್ಟಿ ಬಿಗಿದು, ಹಕ್ಕಿಗಳಿಗೆ ಕಾಣದಿರಲೆಂದು ಬದುವಿನ ಮರದ ಬುಡದಲ್ಲಿಟ್ಟು ಹುಲ್ಲು ಮುಚ್ಚಿದ್ದಳು. ಆ ಜೇಡಿಮಣ್ಣಿಗೆ ಪೇಟೆಯ ಬೀಜ ಒಗ್ಗದು. ಒಮ್ಮೆ ಬಿತ್ತಿ ಕೈ ಸುಟ್ಟುಕೊಂಡಿದ್ದರು.

ಹನಿ ಬೀಳುವ ಮೊದಲೇ ಕಣ ಸೇರಬೇಕೆಂದು ಅವಸರದಲ್ಲಿ ಗಾಡಿ ಹೊಡೆದರು. ಕಣದಲ್ಲಿ ಮೆದೆ ಒಟ್ಟಿ ಟಾರ್ಪಾಲು ಎಳೆಯುವಾಗ ಮಗ ಕೇಳಿದ:

"ಅಮ್ಮಾ, ಬೀಜದ ಹೊರೆ ಎಲ್ಲಿ?"

ಅವಳ ಕೈ ಹಗ್ಗದ ಮೇಲೆಯೇ ನಿಂತಿತು. "ಮರದ ಕೆಳಗೇ ಉಳೀತು."

"ಓಡಿಹೋಗಿ ತರ್ತೀನಿ."

"ಬೇಡ."

ಕೊಯ್ದ ಹೊಲದಲ್ಲಿ ಹೊರೆಯೊಂದನ್ನು ಮರೆತುಬಂದರೆ ಅದಕ್ಕಾಗಿ ಹಿಂದಿರುಗಬಾರದು. ಅದು ಪರದೇಶಿಗೆ, ಹೆತ್ತವರಿಲ್ಲದವರಿಗೆ, ವಿಧವೆಗೆ ಎಂಬುದು ಬೈಬಲಿನಲ್ಲಿರುವ ದೇವರ ಅಪ್ಪಣೆ. ಊರ ಚರ್ಚಿನ ಸಭೆಯ ಉಳಿದ ಮನೆಗಳವರು ಅದು ಹಳೇ ಕಾಲದ ಮಾತೆಂದು ಕೈಬಿಟ್ಟಿದ್ದರು. ಅತ್ತೆ ಮಾತ್ರ ಬಿಟ್ಟಿರಲಿಲ್ಲ. ಹೊಲ ಪ್ರಭುವಿನದು, ನಾವು ಗೇಯುವವರು ಎನ್ನುತ್ತಿದ್ದಳು. ಹಾಗೆ ಈ ಮನೆಯಲ್ಲಿ ಅದು ಉಳಿದುಬಂದಿತ್ತು.

"ನೀನೂ ವಿಧವೆ ತಾನೆ?" ಎಂದ ಮಗ. "ಹೋಗಿ ನಿನ್ನ ಪಾಲು ಆಯ್ಕೊಂಡು ಬಾ."

ಅವಳಿಗೆ ನಗು ಬಂತು. "ಬಿಟ್ಟೋಳೂ ನಾನೇ, ಆಯ್ಕೊಳ್ಳೋಳೂ ನಾನೇ ಅಂದ್ರೆ ಪ್ರಭು ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲೋ?"

ಕಣದಿಂದ ಹೊಲ ಕಾಣುತ್ತಿತ್ತು. ಗಾಡಿ ಹೊರಟದ್ದನ್ನು ಕಂಡು ಚೀಲ ಹಿಡಿದ ಹೆಂಗಸೊಬ್ಬಳು ಕೂಳೆಯ ನಡುವೆ ಬಗ್ಗಿ ತೆನೆ ಆಯುತ್ತಿದ್ದಳು. ಚಿಕ್ಕಸೊಸೆ. ಅವಳ ಗಂಡ ತನ್ನ ಪಾಲಿನ ಹೊಲವನ್ನು ಕುಡಿದು ಕಳೆದಿದ್ದ. ಆಸ್ತಿ ಪಾಲಾದ ದಿನ ಅವಳು ಎಲ್ಲರೆದುರಿಗೆ ಅಂದಿದ್ದಳು: "ಅಕ್ಕನ ಬಾಯಲ್ಲಿ ಪ್ರಭು, ಕೈಯಲ್ಲಿ ಒಳ್ಳೇ ಹೊಲ." ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಅವಳೇನು ವಿಧವೆಯಾ? ಚಿಕ್ಕಪ್ಪ ಮನೇಲಿ ಗುಂಡುಕಲ್ಲಿನ ಹಾಗೆ ಕೂತಿಲ್ವಾ?"

"ಯಾರು ಆಯ್ತಾರೆ ಅಂತ ನೋಡೋ ಕೆಲಸ ನನಗೆ ಕೊಟ್ಟಿಲ್ಲ. ಹಿಂದೆ ಹೋಗಬೇಡ ಅಂತ ಪ್ರಭು ಹೇಳಿದ್ದಾನೆ. ಅಷ್ಟು ಮಾಡ್ತೀನಿ. ಹಗ್ಗ ಹಿಡಿ."

ಮರದ ಬುಡದಲ್ಲಿ ಕೆಂಪಗೇನೋ ಮೇಲೆದ್ದಿತು. ಚಿಕ್ಕಸೊಸೆ ಹೊರೆಯನ್ನು ಎದೆಗೆ ಒತ್ತಿಕೊಂಡು ಕಣದ ಕಡೆಗೇ ನೋಡುತ್ತ ನಿಂತಳು. ಪಟ್ಟಿಯ ಅರ್ಥ ಅವಳಿಗೂ ಗೊತ್ತು. ಒಂದೇ ಅತ್ತೆಯ ಕೈಕೆಳಗೆ ಬಾಳಿದವಳು. ದೊಡ್ಡಸೊಸೆ ಬೆನ್ನು ತಿರುಗಿಸಿ ಹಗ್ಗದ ಗಂಟು ಬಿಗಿದಳು. ಗಂಟು ಸರಿಯಾಗಿ ಬೀಳಲಿಲ್ಲ. ಬಿಚ್ಚಿ ಮತ್ತೆ ಹಾಕಿದಳು.

ಅಂದಿನ ಗಾಳಿಗೆ ಟಾರ್ಪಾಲು ಹರಿದು ಮೆದೆ ತೊಯ್ದುಹೋಯಿತು. ಒಣಗಿಸಿ ಒಕ್ಕಿದ ಗೋಧಿ ತಿನ್ನಲಿಕ್ಕೇನೋ ಆಯಿತು. ಬಿತ್ತನೆ ಹತ್ತಿರವಾದಾಗ ಒಂದು ಹಿಡಿ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದರೆ, ಮೊಳೆತದ್ದು ಅಲ್ಲೊಂದು ಇಲ್ಲೊಂದು.

"ಮಾತು ಕೇಳಿದ್ದಕ್ಕೆ ಪ್ರಭು ಒಳ್ಳೇ ಉಡುಗೊರೆ ಕೊಟ್ಟ," ಎಂದ ಮಗ.

ಅವಳು ಪ್ರಾರ್ಥನೆಯಲ್ಲಿ ಬೀಜವನ್ನು ಕೇಳಲಿಲ್ಲ. ಬೀಜವಿದ್ದರೆ ಎಲ್ಲಿದೆಯೆಂದು ಗೊತ್ತಿತ್ತು. ಆ ಮನೆಯ ಬಾಗಿಲಿಗೆ ಹೋಗಲು ಕಾಲು ಏಳಬೇಕಾಗಿತ್ತು. ಹೊರೆಯನ್ನು ಬಿಟ್ಟುಬಂದಾಗ ಇಷ್ಟು ಕಷ್ಟವಾಗಿರಲಿಲ್ಲ. ಎದ್ದವಳೇ ಖಾಲಿ ಚೀಲ ಕೊಡವಿಕೊಂಡು ಹೊರಟಳು.

ಚಿಕ್ಕಸೊಸೆ ಬಾಗಿಲಲ್ಲೇ ಕೂತು ಹರಿದ ಚೀಲ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಈಗ ದಾರಿ ಕಂಡಿತಾ ಅಕ್ಕಾ?"

"ಬಿತ್ತನೆಗೆ ಬೀಜ ಇಲ್ಲ. ನಿನ್ನ ಹತ್ರ ಇದ್ರೆ ಸಾಲ ಕೊಡು."

ಚಿಕ್ಕಸೊಸೆ ಸೂಜಿಯನ್ನು ಚೀಲಕ್ಕೆ ಚುಚ್ಚಿ ಒಳಗೆ ನೋಡಿದಳು. ಅಡುಗೆಮನೆಯ ತೊಲೆಗೆ ಹೊರೆ ತೂಗಾಡುತ್ತಿತ್ತು. ಹೊಗೆ ಹಿಡಿದಿದ್ದರೂ ಪಟ್ಟಿ ಬಿಚ್ಚಿರಲಿಲ್ಲ.

"ಹಿಟ್ಟಿಲ್ಲದ ದಿನಾನೂ ಅದನ್ನ ಇಳಿಸಿಲ್ಲ. ನೀವು ಕೇಳೋಕೆ ಬರ್ತೀರಿ, ಮುಖದ ಮೇಲೆ ಬಿಸಾಕೋಣ ಅಂತ. ಏನೇನು ಅನ್ನಬೇಕು ಅಂತಾನೂ ಜೋಡಿಸಿಟ್ಟಿದ್ದೆ. ಇಷ್ಟು ದಿನ ನೀವು ಬರಲೇ ಇಲ್ಲ." ಮಡಿಲ ಚೀಲವನ್ನು ಪಕ್ಕಕ್ಕೆ ಸರಿಸಿದಳು. "ನಿಮ್ಮದೇ ಅದು. ತಗೊಂಡು ಹೋಗಿ."

"ನನ್ನದು ಅಂತಾದ್ರೆ ಬೇಡ."

"ಅಯ್ಯೋ, ಇದೆಂಥ ಹಟ ನಿಮ್ಮದು?"

"ಅವತ್ತು ಹಿಂದೆ ಹೋಗದೋಳು ಇವತ್ತು ಬಳಸು ದಾರೀಲಿ ಹೋದಂತಾಗುತ್ತೆ. ಅದು ನಿನ್ನದು. ನಿನ್ನದು ಅಂತ ಕೊಡು, ಮುಂದಿನ ಕೊಯ್ಲಿಗೆ ತೀರಿಸ್ತೀನಿ."

ತನ್ನ ಬಾಗಿಲಿಗೆ ಯಾರಾದರೂ ಸಾಲ ಕೇಳಿಕೊಂಡು ಬಂದದ್ದು ಚಿಕ್ಕಸೊಸೆಗೆ ನೆನಪಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ಹಾಗಾದ್ರೆ ಬಾಗಿಲಲ್ಲಿ ನಿಂತು ಸಾಲ ಕೇಳಬೇಡಿ. ಒಳಗೆ ಬನ್ನಿ."

ಆ ಬೀಜ ಒಂದು ಮೂಲೆಗಷ್ಟೇ ಸಾಕಾಯಿತು. ಉಳಿದ ನೆಲಕ್ಕೆ ಹುರುಳಿ ಚೆಲ್ಲಿದರು. ಮೂಲೆಯ ಗೋಧಿ ಚೆನ್ನಾಗಿ ಬಂತು.

ಮರುವರ್ಷ ಕೊಯ್ಲಿನ ದಿನ ದೊಡ್ಡಸೊಸೆ ತೆನೆ ಆರಿಸಿ, ಹೊರೆ ಕಟ್ಟಿ, ಅದೇ ಕೆಂಪು ಪಟ್ಟಿ ಬಿಗಿದಳು.

"ಮರದ ಕೆಳಗೆ ಮರೆತುಬಿಡು," ಎಂದ ಮಗ. "ಚಿಕ್ಕಮ್ಮ ತಾನೇ ಬಂದು ಒಯ್ತಾಳೆ. ನಿನ್ನ ಕತ್ತಾದ್ರೂ ಉಳಿಯುತ್ತೆ."

"ಬೇಕಂತ ಮರೆಯೋದು ಮರೆತಂಗಾ? ಎತ್ತು, ತಲೆ ಮೇಲಿಡು."

ಹಾಡುಹಗಲಲ್ಲಿ, ಬೀದಿಯ ನಡುವೆ ಹೊತ್ತು ನಡೆದು ಆ ಬಾಗಿಲಲ್ಲಿ ಇಳಿಸಿದಳು. ಚಿಕ್ಕಸೊಸೆ ಹೊರೆಯ ಸುತ್ತ ಎರಡೂ ಕೈ ಹಾಕಿ ತಬ್ಬಿ ನೋಡಿದಳು.

"ನಾನು ಕೊಟ್ಟದ್ದು ಇದಕ್ಕಿಂತ ದಪ್ಪ ಇತ್ತು ಅಕ್ಕಾ."

ದೊಡ್ಡಸೊಸೆಯೂ ತಬ್ಬಿ ನೋಡಿದಳು. ಮಾತು ನಿಜವಾಗಿತ್ತು. ಕತ್ತು ಒರೆಸಿಕೊಂಡು, ಕಡಿಮೆ ಬಿದ್ದ ತೆನೆಗಳನ್ನು ತರಲು ಹೊಲಕ್ಕೆ ಹಿಂದಿರುಗಿ ಹೊರಟಳು.