ಊಟದ ಬಾಬ್ತು

“ಸಭೇಲಿ ಜನರ ವಿಷಯ ಕೇಳಂಗಿಲ್ಲ ಕಣಮ್ಮ. ದುಡ್ಡಿನ ವಿಷಯ ಬೇಕಾದ್ರೆ ಕೇಳ್ಬೋದು,” ಎಂದರು ಚನ್ನರಾಯಪ್ಪ, ಎರಡೂ ಕೈಗಳನ್ನು ಅಗಲವಾಗಿ ಚಾಚಿಕೊಂಡು.

ಕೈ ಚಾಚಿದ್ದು ಸಂಕಟದಿಂದಲ್ಲ. ದರ್ಜಿ ಬುಡನ್ ಸಾಬ್ ಚನ್ನರಾಯಪ್ಪನವರ ಉದ್ದ ಕೋಟಿನ ಕಂಕುಳ ಹೊಲಿಗೆ ಬಿಚ್ಚಿ ಅಳತೆ ನೋಡುತ್ತಿದ್ದ. ದಸರೆಗೆ ಮೈಸೂರಿನಲ್ಲಿ ಸೇರುವ ಸಭೆಗೆ ಚನ್ನರಾಯಪ್ಪ ಮುಳಬಾಗಿಲಿನ ಮೆಂಬರು. ಅಲ್ಲಿಗೆ ಉದ್ದ ಕೋಟು, ಸರಿಗೆ ಪೇಟ ಇಲ್ಲದೆ ಹೋಗುವುದು ಸರಿಯಲ್ಲ. ಯುದ್ಧದ ಕಾಲಕ್ಕೆ ಊರಿಗೆ ಊರೇ ಸೊರಗುತ್ತಿದ್ದರೆ ಮೆಂಬರು ಮಾತ್ರ ಕೋಟಿಗೆ ಮೀರಿ ಬೆಳೆದಿದ್ದರು. ಹಾಗಂತ ಕೆಟ್ಟವರೇನಲ್ಲ. ಜಗುಲಿಗೆ ಬಂದವರನ್ನು ನಿಲ್ಲಿಸಿ ಮಾತಾಡಿಸದೆ ಕಳಿಸಿದವರಲ್ಲ.

ಜಗುಲಿಯ ಕೆಳಗೆ ನಿಂತಿದ್ದವಳು ಗಂಗರತ್ನಮ್ಮ. ಆವನಿ ಪಕ್ಕದ ಹಳ್ಳಿಯಿಂದ ಬೆಳಗಿನ ತಂಪಿನಲ್ಲೇ ಹೊರಟು ನಡೆದು ಬಂದಿದ್ದಳು. ಅವಳ ಗಂಡ ಮೈಸೂರಿನ ಪಟಾಲಮಿನಲ್ಲಿ ಸಿಪಾಯಿ. ಪಟಾಲಂ ಹಡಗು ಹತ್ತಿ ಸಿಂಗಪುರಕ್ಕೆ ಹೋಯಿತು. ಸಿಂಗಪುರ ಜಪಾನಿನವರ ಕೈಗೆ ಬಿತ್ತು. ಆಮೇಲೆ ಸುದ್ದಿಯೇ ಇಲ್ಲ. ಹಾಗೆ ಕಳೆಯುತ್ತಿರುವ ಎರಡನೆಯ ದಸರೆ ಇದು.

“ಬದುಕವ್ರಾ ಇಲ್ವಾ, ಅಷ್ಟು ಕೇಳ್ಕೊಂಡ್ ಬನ್ನಿ ಮೆಂಬರ್ರೆ. ಇನ್ನೇನೂ ಬ್ಯಾಡ.”

“ಹೆಸರೇನು ನಿನ್ನ ಗಂಡಂದು?”

ಅವಳು ಸೆರಗಿನ ತುದಿ ನೋಡಿಕೊಂಡಳು. ಗಂಡನ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ಬುಡನ್ ಸಾಬ್ ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು, “ಮುನಿಯಲ್ಲಪ್ಪ ಸಾಹುಕಾರ್ರೆ. ಅಕ್ಕಯಮ್ಮನ ಮಗ. ಮದುವೆ ಅಂಗಿ ನಾನೇ ಹೊಲಿದಿದ್ದು,” ಎಂದ.

“ಇಷ್ಟು ದಿನ ಕಾದಿದೀಯ, ಈಗೇನಮ್ಮ ಅವಸರ?” ಎಂದರು ಮೆಂಬರು.

“ನಮ್ಮತ್ತೆ ಅವ್ರಿಗೆ ಎಡೆ ಇಕ್ತೀನಿ ಅಂತವ್ರೆ,” ಎಂದಳು ಗಂಗರತ್ನಮ್ಮ.

ಎಡೆ ಇಡುವುದು ಸತ್ತವರಿಗೆ. ಅಮಾವಾಸ್ಯೆಯ ದಿನ ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆ ಹಾಕಿ ಬಡಿಸಿ, ಹೆಸರು ಹಿಡಿದು ಕರೆಯುವುದು. ಮಹಾಲಯ ಅಮಾವಾಸ್ಯೆಗೇ ಇಡಬೇಕೆಂದಿದ್ದ ಅತ್ತೆಯ ಕಾಲು ಹಿಡಿದು, ಮೆಂಬರು ಮೈಸೂರಿಗೆ ಹೋಗಿ ಬರುವ ತನಕ ತಡೆಯಿರಿ ಎಂದು ಬೇಡಿಕೊಂಡು, ದೀಪಾವಳಿ ಅಮಾವಾಸ್ಯೆಗೆ ಮುಂದೂಡಿಸಿ ಬಂದಿದ್ದಳು.

ಚನ್ನರಾಯಪ್ಪ ಕೈ ಇಳಿಸಿದರು. ಸಭೆಯಲ್ಲಿ ಕೇಳಲು ಅವರ ಬಳಿ ಇದ್ದದ್ದು ಎರಡು ವಿಷಯ. ಒಂದು ಕೆರೆಯ ತೂಬಿನದು. ಅದನ್ನು ಕೇಳದೆ ಬಂದರೆ ಊರಿನವರು ಒಳಗೆ ಸೇರಿಸುವುದಿಲ್ಲ. ಇನ್ನೊಂದು ಯುದ್ಧದ ಖರ್ಚಿನದು. ಯಾರದೋ ಜಗಳಕ್ಕೆ ನಮ್ಮ ಬೊಕ್ಕಸದಿಂದ ಎಷ್ಟು ಹೋಯಿತು, ಹೋದದ್ದಕ್ಕೆ ಲೆಕ್ಕ ಯಾರು ಕೊಡುತ್ತಾರೆ ಎಂದು ಹಿಂದಿನ ಸಲ ಕೇಳಲು ಹೋಗಿ, ‘ಯಾರದೋ ಜಗಳ’ ಅಂದದ್ದಕ್ಕೆ ಅರ್ಧ ಮಾತಿಗೇ ಕೂರಬೇಕಾಗಿ ಬಂದಿತ್ತು. ಆ ಉರಿ ಇನ್ನೂ ಆರಿರಲಿಲ್ಲ. ಜಗುಲಿಯ ಕಂಬಕ್ಕೆ ಒರಗಿ ಯೋಚಿಸಿದರು. ಆಮೇಲೆ ಅವರ ಮುಖ ಅರಳಿತು.

“ನಿನ್ನ ಗಂಡನ್ನ ಕೇಳೋಕಾಗಲ್ಲ ತಾಯಿ. ನಿನ್ನ ಗಂಡನ ಊಟದ ಖರ್ಚು ಕೇಳ್ಬೋದು! ಸಿಂಗಪುರಕ್ಕೆ ಹೋದ ಪಟಾಲಮಿಗೆ ಈ ವರ್ಷ ಊಟ ಬಟ್ಟೆ ಬಾಬ್ತು ಏನು ಖರ್ಚಾಯ್ತು ಅಂತೀನಿ. ಖರ್ಚಾಗಿದೆ ಅಂದ್ರೆ ಉಣ್ಣೋರಿದಾರೆ ಅಂತ ತಾನೆ? ಲೆಕ್ಕ ಕೊಡಲ್ಲ ಅನ್ನೋಕೆ ಅವರಿಗೂ ದಾರಿಯಿಲ್ಲ.”

“ಅರೆ, ವಾಹ್!” ಎಂದ ಬುಡನ್ ಸಾಬ್. ಗಂಗರತ್ನಮ್ಮ ಕೈ ಮುಗಿದಳು. ಆ ಹೊತ್ತಿಗೆ ಅಲ್ಲಿದ್ದ ಮೂವರಿಗೂ ಅದು ಬಲು ಜಾಣ ಪ್ರಶ್ನೆಯಾಗಿ ಕಂಡಿತು.

ಮನೆಗೆ ಬಂದು ಹೇಳಿದಾಗ ಅಕ್ಕಯಮ್ಮ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

“ಕೇಳ್ಲಿ ಬಿಡು. ನಾನೇನು ನನ್ನ ಮಗ ಸಾಯ್ಲಿ ಅಂತ ಎಡೆ ಇಕ್ತೀನಾ? ಸತ್ತಿದ್ರೆ ಅಂತ ಇಕ್ಕೋದು. ಅವ್ರಪ್ಪ, ಅವ್ರ ತಾತ ಎಲ್ಲಾ ಒಳಗೆ ಕುಂತು ಉಣ್ತಿರ್ತಾರೆ. ಇವ್ನು ಬಾಗ್ಲಲ್ಲಿ ನಿಂತ್ಕೊಂಡು ನೋಡ್ತಿರ್ತಾನೆ. ಕರ್ದಿಲ್ಲ ಅಂದ್ರೆ ಒಳಗೆ ಬರೋ ಮಗ ಅಲ್ಲ ಅವ್ನು.” ದುಃಖ ಹೆಚ್ಚಾದರೆ ಮುದುಕಿಯ ನಾಲಿಗೆ ತವರಿನ ತೆಲುಗಿಗೆ ಹೊರಳುತ್ತಿತ್ತು. “ನಾ ಬಿಡ್ಡ... ನನ್ನ ಮಗ ಹಸ್ಕೊಂಡಿರ್ತಾನೆ ಕಣೇ.”

“ಬದುಕಿದ್ರೆ ಅತ್ತೆ? ಬದುಕಿರೋರ್ಗೆ ಎಡೆ ಇಕ್ಕಿದ್ರೆ ಆಯುಸ್ಸು ಕಮ್ಮಿಯಾಗಲ್ವಾ?”

ಜಗಳವಾಡುವ ಅತ್ತೆ ಸೊಸೆಯರನ್ನು ಬಿಡಿಸಬಹುದು. ಇಬ್ಬರೂ ಒಬ್ಬನ ಮೇಲಿನ ಪ್ರೀತಿಗೇ ಜಗಳವಾಡಿದರೆ ಬಿಡಿಸಲು ಯಾರು ಬಂದಾರು?

ದಸರೆ ಕಳೆಯುವವರೆಗೂ ಗಂಗರತ್ನಮ್ಮ ಹೊಲದಲ್ಲಿ ಕಳೆ ತೆಗೆದಳು, ಹುಲ್ಲು ಹೊತ್ತಳು, ಹಟ್ಟಿ ಬಳಿದಳು. ಗಂಡ ನೆನಪಾಗುತ್ತಿದ್ದದ್ದು ಅವಳ ಕೈಗಳಿಗೆ. ರಜೆ ಮುಗಿಸಿ ಹೊರಟ ದಿನ ಅವನು ಒರಳಿನ ಮೇಲೆ ಕಾಲಿಟ್ಟು, ಸಿಪಾಯಿಗಳು ಮೊಣಕಾಲವರೆಗೆ ಸುತ್ತುವ ಖಾಕಿ ಪಟ್ಟಿಯನ್ನು ಅವಳ ಕೈಗೆ ಕೊಟ್ಟಿದ್ದ. “ಬಿಗಿಯಾಗಿ ಸುತ್ತೇ, ದಾರೀಲಿ ಬಿಚ್ಕೊಂಡ್ರೆ ಹೆಂಡ್ತಿ ಸುತ್ತಿದ್ದಾ ಅಂತ ನಗ್ತಾರೆ,” ಎಂದಿದ್ದ. ಅತ್ತೆ ನೀರಿಗೆ ಹೋಗಿದ್ದಳು. ಗಂಗರತ್ನಮ್ಮ ಬೇಕೆಂದೇ ಸಡಿಲ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ್ದಳು. ಅವನಿಗೂ ಗೊತ್ತಾಗಿತ್ತು, ಇನ್ನೊಂದು ಕಾಲನ್ನೂ ಮುಂದಿಟ್ಟಿದ್ದ. ಈಗ ಸೊಪ್ಪಿನ ಕಂತೆ ಕಟ್ಟುವಾಗ, ಹಗ್ಗ ಸುತ್ತುವಾಗ ಆ ಕಾಲಿನ ಬಿಸಿ ಅಂಗೈಗೆ ಬಂದುಬಿಡುತ್ತಿತ್ತು. ಅವನು ಬೇಕಿತ್ತು, ಅಷ್ಟೆ. ಕೀರ್ತಿ ಬೇಡ, ಸರ್ಕಾರ ಕೊಡುವ ಯಾವ ಮರ್ಯಾದೆಯೂ ಬೇಡ. ಬಂದು ಬಾಗಿಲಲ್ಲಿ ಕೆಮ್ಮಿದರೆ ಸಾಕಿತ್ತು.

ದೀಪಾವಳಿಗೆ ಮುಂಚೆ ಮೆಂಬರು ಬಂದರೆಂದು ಸುದ್ದಿಯಾಯಿತು. ಅವಳು ಮತ್ತೆ ಮುಳಬಾಗಿಲಿಗೆ ನಡೆದಳು. ಚನ್ನರಾಯಪ್ಪ ಅವಳನ್ನು ಕಂಡು ಎದ್ದು ನಿಂತರು. ಮೆಂಬರು ತನ್ನನ್ನು ಕಂಡು ಎದ್ದದ್ದು ನೋಡಿ ಅವಳ ಜೀವ ಅರ್ಧವಾಯಿತು.

“ಕೇಳ್ದೆ ಕಣಮ್ಮ. ಅವತ್ತು ಹೇಳ್ದಂಗೇ ಕೇಳ್ದೆ.”

“ಏನಂದ್ರು?”

“ತೂಬಿನ ವಿಷಯಕ್ಕೆ ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಹೇಳಿದ್ರು. ಇದಕ್ಕೆ ಮಾತ್ರ ನೇರವಾಗಿ ಹೇಳ್ಬಿಟ್ರು.” ಅವರು ಮುಖ ಬೇರೆ ಕಡೆ ತಿರುಗಿಸಿದರು. “ಸಿಂಗಪುರದ ಪಟಾಲಮಿನ ಊಟ ಬಟ್ಟೆ ಬಾಬ್ತು ಈ ವರ್ಷ ಏನೂ ಖರ್ಚಿಲ್ವಂತೆ.”

ಗಂಗರತ್ನಮ್ಮ ಒಂದು ಹೆಜ್ಜೆ ಹತ್ತಿರ ಬಂದಳು.

“ಹಿಂದಿನ ಬೆಂಚಲ್ಲಿ ಯಾರೋ, ಒಳ್ಳೇದಾಯ್ತು, ಉಳಿತಾಯ ಅಂದ. ನನಗೆ ಮೈ ಉರಿದೋಯ್ತು. ಹಂಗಾರೆ ಆ ಜನ ಎಲ್ಲಿ ಸ್ವಾಮಿ ಅಂತ ಕೇಳ್ಬಿಟ್ಟೆ. ಅದು ಹೊರಗಿನ ಯುದ್ಧದ ವಿಷಯ, ಇಲ್ಲಿ ಬರಲ್ಲ, ಕೂತ್ಕೊಳ್ಳಿ ಅಂದ್ರು. ನಾನು ಕೂರ್ಲಿಲ್ಲ ಕಣಮ್ಮ. ಒಂದಷ್ಟು ಹೊತ್ತು ನಿಂತೇ ಇದ್ದೆ. ಪಕ್ಕದೋರು ಕೋಟು ಹಿಡಿದು ಎಳೆದ್ರು. ಆಮೇಲೆ... ಆಮೇಲೆ ಕೂತ್ಕೊಂಡೆ.”

ಜಾಣ ಪ್ರಶ್ನೆ ಈಗ ಜಗುಲಿಯ ಮೇಲೆ ಸತ್ತ ಹಾವಿನಂತೆ ಬಿದ್ದಿತ್ತು. ಚನ್ನರಾಯಪ್ಪ ಅದನ್ನು ಹೇಗಾದರೂ ಸರಿಸಲು ನೋಡಿದರು. “ಖರ್ಚಿಲ್ಲ ಅಂದ್ರೆ ಸತ್ರು ಅಂತಲ್ಲ. ಸೆರೆ ಹಿಡ್ಕೊಂಡಿದ್ರೆ ಜಪಾನಿನವ್ರೇ ಊಟ ಹಾಕ್ಬೇಕು, ನಮ್ಮೋರಲ್ಲ. ಇದು ನನಗೆ ಅಲ್ಲಿ ಕೂತ ಮೇಲೆ ಹೊಳೀತು. ಮೊದ್ಲೇ ಹೊಳೀಬೇಕಾಗಿತ್ತು. ನಿಮ್ಮತ್ತೆಗೆ ಏನೂ ಹೇಳ್ಬೇಡ. ಬದುಕವ್ರಂತೆ ಅನ್ನು. ನನ್ನ ಹೆಸರು ಹೇಳು.”

ಅವಳು ಕೈ ಮುಗಿದು ಹೊರಟಳು. ದಾರಿಯುದ್ದಕ್ಕೂ ಆ ಸುಳ್ಳನ್ನು ಬಾಯಲ್ಲಿಟ್ಟುಕೊಂಡೇ ನಡೆದಳು. ಹೇಳಿದರೆ ಅತ್ತೆ ನಂಬುತ್ತಾಳೆ, ಎಡೆ ತಪ್ಪುತ್ತದೆ. ಆದರೆ ಹೊಸ್ತಿಲು ದಾಟಿ ಮುದುಕಿಯ ಮುಖ ನೋಡಿದಾಗ ಆ ಸುಳ್ಳು ಹೊರಗೆ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು.

ಅಕ್ಕಯಮ್ಮ ಅಳುತ್ತಾಳೆ ಎಂದುಕೊಂಡಿದ್ದಳು. ಅಳಲಿಲ್ಲ. “ಅಂಗಾರೆ ನಮ್ಮೋರು ಅವ್ನಿಗೆ ಒಂದು ತುತ್ತೂ ಇಕ್ತಿಲ್ಲ,” ಎಂದಳು. “ಸತ್ತಿದ್ರೂ ಹಸಿವು. ಬದುಕಿದ್ರೂ ಹಸಿವು.” ಎದ್ದು ಹೋಗಿ ಬುಟ್ಟಿಯ ಕೆಳಗಿದ್ದ ಹುಂಜವನ್ನು ಹಿಡಿದುಕೊಂಡು ಬಂದಳು. ಈ ಸಲ ಸೊಸೆ ಕಾಲು ಹಿಡಿಯಲಿಲ್ಲ.

ಅಮಾವಾಸ್ಯೆಯ ಸಂಜೆ ಗೋಡೆಯ ಪಕ್ಕ ಸಾಲಾಗಿ ಮುತ್ತುಗದ ಎಲೆಗಳು ಬಿದ್ದವು. ಮಾವನಿಗೆ ಒಂದು, ಮಾವನ ಅಪ್ಪ ಅಮ್ಮನಿಗೆ ಒಂದೊಂದು. ಕೊನೆಗೆ ಇನ್ನೊಂದು ಎಲೆ. ಎಲ್ಲದಕ್ಕೂ ಮುದ್ದೆ, ಕೋಳಿ ಸಾರು, ವಡೆ. ಅಕ್ಕಯಮ್ಮ ಧೂಪ ಹಾಕಿದಳು. ಇನ್ನು ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಳ್ಳಬೇಕು. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು.

“ಬಾರೇ,” ಎಂದಳು ಅಕ್ಕಯಮ್ಮ.

ಗಂಗರತ್ನಮ್ಮ ಬರಲಿಲ್ಲ. ಅಟ್ಟದ ಮೇಲಿಂದ ಗಂಡ ಉಣ್ಣುತ್ತಿದ್ದ ಕಂಚಿನ ತಟ್ಟೆಯನ್ನು ಇಳಿಸಿ ಸೆರಗಿನಲ್ಲಿ ಒರೆಸಿದಳು. ಕೊನೆಯ ಎಲೆಯನ್ನು ಹಾಗೇ ಮಡಿಸಿ ಎತ್ತಿಕೊಂಡು, ಅದರಲ್ಲಿದ್ದದ್ದನ್ನೆಲ್ಲ ತಟ್ಟೆಗೆ ಹಾಕಿ, ಗೋಡೆಯ ಸಾಲಿನಿಂದ ದೂರ, ಒಲೆಯ ಪಕ್ಕ ಅವನು ಕೂರುತ್ತಿದ್ದ ಕಡೆ ಇಟ್ಟಳು. ಮಣೆ ಹಾಕಿದಳು. ಚೊಂಬಿನಲ್ಲಿ ನೀರಿಟ್ಟಳು. ಆಮೇಲೆ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

“ಏನೇ ಇದು? ಹಿರೀಕರು ಬರೋ ಹೊತ್ತು. ಎದ್ದು ಬಾ.”

“ಅವ್ರು ಬರ್ಲಿ ಅತ್ತೆ. ನಾನು ಆ ಕಡೆ ತಿರುಗಿ ನೋಡಲ್ಲ.” ಅವಳು ತಟ್ಟೆಯನ್ನು ಮಣೆಗೆ ಹತ್ತಿರ ಸರಿಸಿದಳು. “ಸತ್ತೋರು ಅವ್ರಷ್ಟಕ್ಕೆ ಅವ್ರು ಉಣ್ತಾರೆ. ಬದುಕಿರೋರ್ಗೆ ಬಡಿಸೋರು ಬೇಕಲ್ಲ.”

ಅಕ್ಕಯಮ್ಮ ಬಾಗಿಲ ಮೇಲೆ ಕೈಯಿಟ್ಟುಕೊಂಡು ನಿಂತಳು. ಧೂಪದ ಹೊಗೆ ಕಣ್ಣಿಗೆ ಹೋಯಿತೋ ಏನೋ, ಸೆರಗಿನಿಂದ ಒರೆಸಿಕೊಂಡಳು.

“ಸಾರು ಬಿಸಿ ಮಾಡು,” ಎಂದಳು ಕೊನೆಗೆ. “ತಣ್ಣಗಿದ್ರೆ ಅವ್ನು ಮುಟ್ಟಲ್ಲ.”

ಬಾಗಿಲು ಎಳೆದುಕೊಂಡು ಅಂಗಳದಲ್ಲಿ ಕೂತಳು. ಬೀದಿಯ ಮನೆಗಳ ಮುಂದೆ ಹಣತೆ ಹಚ್ಚುತ್ತಿದ್ದರು. ಒಳಗೆ ಒಲೆ ಊದುವ ಸದ್ದು ಕೇಳಿತು. ಬಳೆ ಸದ್ದು ಕೇಳಿತು. ಆಮೇಲೆ ಸೌಟು ತಟ್ಟೆಗೆ ತಾಗಿತು. ಮುದುಕಿ ಬಾಗಿಲಿಗೆ ಕಿವಿಗೊಟ್ಟು ಕಾದಳು. ಒಬ್ಬ ಮನುಷ್ಯ ಅರ್ಧ ಮುದ್ದೆ ಉಂಡು ಮುಗಿಸುವಷ್ಟು ಹೊತ್ತಾದ ಮೇಲೆ, ಸೌಟು ಮತ್ತೊಮ್ಮೆ ತಾಗಿತು.