ಹೋಟೆಲಿನಿಂದ ಬಂದ ತೊಟ್ಟಿ

ಬಚ್ಚಲಿಗೆ ಟೈಲ್ಸ್ ಹಾಕಿಸುವಾಗ ನನ್ನ ಕಲ್ಲುಬಾನಿ ಒಡೆಯಿತು. ಮೊದಲು ಅದು ಹಸುಗಳ ಕಲಗಚ್ಚಿಗೆ ಇದ್ದದ್ದು. ಕೊಟ್ಟಿಗೆ ಖಾಲಿಯಾದ ಮೇಲೆ ತಿಕ್ಕಿ ತೊಳೆದು ಹಂಡೆಯ ಪಕ್ಕಕ್ಕೆ ತರಿಸಿಕೊಂಡಿದ್ದೆ. ಸೊಂಟ ಹಿಡಿದ ಮೇಲೆ ನನಗೆ ಅದೇ ಔಷಧಿ. ಶನಿವಾರ ಮೈಗೆಲ್ಲ ಹರಳೆಣ್ಣೆ ಹಚ್ಚಿಕೊಂಡು, ಬಾನಿಗೆ ಬಿಸಿನೀರು ಬಿಟ್ಟು, ಸೊಂಟ ಮುಳುಗುವಂತೆ ಕೂತರೆ ನೋವು ಮೆಲ್ಲಗೆ ಬಿಡುತ್ತಿತ್ತು. ಕೆಲಸದವರು ಅದನ್ನು ಸರಿಸಲು ಹಾರೆ ಕೊಟ್ಟು ಮೀಟಿದರು. ಎರಡು ಹೋಳಾಯಿತು.

ಆಮೇಲೆ ಚೊಂಬಿನಲ್ಲಿ ಹುಯ್ದುಕೊಳ್ಳುವ ಸ್ನಾನ. ಒಂದು ದಿನ ಮಣೆಯಿಂದ ಏಳುವಾಗ ಸೊಂಟ ಹಿಡಿದು ಗೋಡೆಗೆ ಬಿದ್ದೆ. ಮಗ ದೇವೇಂದ್ರ ಏರ್‌ಪೋರ್ಟಿನಲ್ಲಿ ಟ್ಯಾಕ್ಸಿ ಓಡಿಸುವವನು, ಸಂಜೆ ಬಂದು ವಿಷಯ ಕೇಳಿ ಬಚ್ಚಲ ಬಾಗಿಲ ಮುಂದೆ ನಿಂತ.

"ಇನ್ನೊಂದ್ಸಲ ಹಿಂಗಾದ್ರೆ ಈ ಚಿಲಕ ಕಿತ್ತಾಕ್ತೀನಿ ನೋಡಪ್ಪ. ಬಾಗ್ಲು ತೆಗ್ದೇ ಇರ್ಬೇಕು. ನಾನೇ ಸ್ನಾನ ಮಾಡಿಸ್ತೀನಿ."

ಅವನದು ತಪ್ಪಲ್ಲ. ಆದರೆ ಈ ವಯಸ್ಸಿಗೆ ನನ್ನ ಊಟ, ಮಾತ್ರೆ, ಮಲಗುವ ಹೊತ್ತು ಎಲ್ಲವೂ ಬೇರೆಯವರ ಕೈಯಲ್ಲಿದೆ. ಬಾಗಿಲು ಹಾಕಿಕೊಂಡು ನಾನೊಬ್ಬನೇ ಇರುವ ಜಾಗ ಅಂದರೆ ಬಚ್ಚಲು. ಅದೂ ಹೋದರೆ ನನಗೇನು ಉಳಿಯುತ್ತದೆ?

ಬೇರೆ ತೊಟ್ಟಿ ಹುಡುಕಲು ಅವನೇ ಕಾರಿನಲ್ಲಿ ಕರೆದುಕೊಂಡು ಹೋದ. ಪಕ್ಕದ ಮನೆಯ ಪಿಳ್ಳಣ್ಣನೂ ಹತ್ತಿಕೊಂಡ. ದೊಡ್ಡಬಳ್ಳಾಪುರದ ಅಂಗಡಿಯಲ್ಲಿ ಹೊಸ ಟಬ್ಬಿನ ಬೆಲೆ ಕೇಳಿ ದೇವೇಂದ್ರ ಹೊರಗೆ ಬಂದ. ಬಣ್ಣ ಹಾಕುವವರ ಹತ್ತಿರ ಅರ್ಧಕ್ಕೆ ಕೊಯ್ದ ಪ್ಲಾಸ್ಟಿಕ್ ಡ್ರಮ್ಮು ಅಗ್ಗಕ್ಕೆ ಇತ್ತು. ಎಷ್ಟು ತೊಳೆದರೂ ರಾಸಾಯನಿಕದ ವಾಸನೆ ಹೋಗಿರಲಿಲ್ಲ. ದಾರಿಯಲ್ಲಿ ಒಂದು ಕಡೆ ಸಿಮೆಂಟಿನ ರಿಂಗುಗಳನ್ನು ಜೋಡಿಸಿಟ್ಟಿದ್ದರು. ಒಂದನ್ನು ತಂದು ತಳಕ್ಕೆ ಗಾರೆ ಹಾಕಿಸಿದರೆ ಆಗುತ್ತದಲ್ಲ ಅಂದೆ.

ಪಿಳ್ಳಣ್ಣ ಬಿದ್ದು ಬಿದ್ದು ನಕ್ಕ. "ಅಪ್ಪಯ್ಯಣ್ಣೋ, ಅದು ಕಕ್ಕಸ್ ಗುಂಡಿಗೆ ಇಳ್ಸೋ ರಿಂಗು ಕಣಣ್ಣ! ಅದ್ರಾಗೆ ಹೋಗಿ ಕೂತ್ಕತೀಯಾ? ಊರಲ್ಲಿ ತಲೆ ಎತ್ಕಂಡು ತಿರ್ಗಾಡೋದು ಬ್ಯಾಡ್ವಾ?"

ಕಾರು ಮುಂದೆ ಹೋಯಿತು.

ದೇವನಹಳ್ಳಿ ದಾರಿಯ ಗುಜರಿಯಲ್ಲಿ ಬಿಳೀ ಟಬ್ಬು ಸಿಕ್ಕಿತು. ಯಾವುದೋ ಹೋಟೆಲಿನವರು ಹಳೆಯದನ್ನು ಕಿತ್ತು ಹಾಕಿದ್ದಂತೆ. ವಿಮಾನ ಇಳಿದವರು ಮೀಯುತ್ತಿದ್ದ ಟಬ್ಬು. ಹೊಸದರ ಕಾಲುಭಾಗವೂ ಇರಲಿಲ್ಲ ಬೆಲೆ. ಅಂಗೈಯಲ್ಲಿ ಸವರಿದೆ, ಎಲ್ಲೂ ತರಿ ಇಲ್ಲ.

"ಕೂತ್ ನೋಡಿ ತಾತಾ," ಅಂದ ಗುಜರಿಯವನು.

ಪಂಚೆ ಎತ್ತಿ ಕಟ್ಟಿಕೊಂಡು ಇಳಿದೆ. ಬೆನ್ನಿನ ಕಡೆ ಇಳಿಜಾರಿತ್ತು. ನನ್ನ ಸೊಂಟಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಅಂಚು ಹಿಡಿದು ಯಾರ ಕೈಯೂ ಇಲ್ಲದೆ ಎದ್ದೆ.

"ನೋಡಿದ್ಯೇನೋ ದೇವೇಂದ್ರ? ಇದೇ ಇರ್ಲಿ," ಅಂದೆ.

ಶನಿವಾರ ಸೊಸೆ ಮುನಿರತ್ನಮ್ಮ ಟಬ್ಬಿಗೆ ಅರಿಶಿನ ಕುಂಕುಮ ಇಟ್ಟು, ಬಿಸಿನೀರು ತುಂಬಿಸಿ ಹೊರಗೆ ಹೋದಳು. ದೇವೇಂದ್ರ ಬಾಡಿಗೆಗೆ ಹೋಗಿದ್ದ. ಚಿಲಕ ಹಾಕಿಕೊಂಡು ಹರಳೆಣ್ಣೆಯನ್ನು ಅಂಗಾಲಿನವರೆಗೂ ತಿಕ್ಕಿಕೊಂಡೆ. ಇಳಿದು ಒರಗಿದೆ. ನೀರು ಸೊಂಟದೊಳಗೆ ಹೊಕ್ಕ ಹಾಗಾಯಿತು. ಅಷ್ಟು ಸುಖ ಬಾನಿಯಲ್ಲೂ ಕಂಡಿರಲಿಲ್ಲ.

ಏಳಲು ಹೋದೆ. ಕಾಲು ಜಾರಿತು. ಅಂಚು ಹಿಡಿದೆ, ಕೈ ಜಾರಿತು. ಪಕ್ಕಕ್ಕೆ ಹೊರಳಿ ಮೊಣಕಾಲೂರಿದೆ, ಅದೂ ಜಾರಿ ಮತ್ತೆ ಇಳಿಜಾರಿಗೇ ಬಂದು ಬಿದ್ದೆ. ಆಗ ತಿಳಿಯಿತು. ಗುಜರಿಯಲ್ಲಿ ಕೂತಾಗ ನನ್ನ ಮೈ ಒಣಗಿತ್ತು. ಕಲ್ಲುಬಾನಿಯ ಮೈ ಒರಟು, ಎಷ್ಟು ಎಣ್ಣೆಯಿದ್ದರೂ ಅಂಗಾಲನ್ನು ಹಿಡಿದುಕೊಳ್ಳುತ್ತಿತ್ತು. ಇದು ಎಣ್ಣೆ ಹಚ್ಚಿಕೊಳ್ಳದವರಿಗೆ ಮಾಡಿದ್ದು. ಸೀಗೆಪುಡಿಯ ಡಬ್ಬಿ ಎದುರಿನ ಗೂಡಿನಲ್ಲಿತ್ತು, ಕೈಗೆಟುಕುವಂತಿರಲಿಲ್ಲ.

"ಮಾವ, ಇನ್ನೊಂದಿಷ್ಟು ನೀರ್ ಕಾಯ್ಸ್ಲಾ?" ಹೊರಗಿನಿಂದ ಮುನಿರತ್ನಮ್ಮ ಕೇಳಿದಳು.

"ಸಾಕು ಕಣವ್ವ."

ಈ ಮನೆಗೆ ಬಂದ ದಿನದಿಂದ ನನ್ನ ಎದುರು ಸೆರಗು ಹೊದೆಯದೆ ಓಡಾಡಿದವಳಲ್ಲ. ನಾನೂ ಅವಳ ಮುಂದೆ ಬರಿಮೈಯಲ್ಲಿ ಕೂತವನಲ್ಲ. ಅವಳನ್ನು ಹೇಗೆ ಕರೆಯಲಿ? ನೀರಿನ ಭಾರ ಹೋದರೆ ಏಳಬಹುದೆಂದು ತಳದ ಬಿರಡೆ ಕಿತ್ತೆ. ನೀರು ಹೋಯಿತು, ಎಣ್ಣೆ ಉಳಿಯಿತು. ಮೊದಲು ನೀರಾದರೂ ಎತ್ತಿ ಹಿಡಿದಿತ್ತು. ಈಗ ಬರೀ ಮೈ, ಬರೀ ಟಬ್ಬು. ಚಳಿ ಹತ್ತಿತು.

"ಮಾವ, ರೊಟ್ಟಿ ಆರೋಗ್ತೈತೆ."

"ಬಂದೆ."

ಬರಲಿಲ್ಲ. ಚಿಲಕ ನೋಡುತ್ತ ಬಿದ್ದಿದ್ದೆ. ಅದನ್ನು ಉಳಿಸಿಕೊಳ್ಳಲೆಂದೇ ಇಷ್ಟೆಲ್ಲ ಮಾಡಿದ್ದು. ಈಗ ಅದು ಎಲ್ಲರನ್ನೂ ಆಚೆ ಇಟ್ಟು ನನ್ನೊಬ್ಬನನ್ನೇ ಒಳಗೆ ಇಟ್ಟುಕೊಂಡಿತ್ತು. ಹಲ್ಲು ಕಟಕಟ ಅನ್ನತೊಡಗಿದವು. ಸೊಂಟ ಮೊದಲಿಗಿಂತ ಬಿಗಿಯಾಯಿತು.

"ಮಾವ! ಯಾಕೆ ಸದ್ದೇ ಇಲ್ಲ?" ಅವಳ ದನಿ ಬೇರೆಯಾಗಿತ್ತು.

"ಪಿಳ್ಳಣ್ಣನ್ನ ಕರಿಯವ್ವ," ಅಂದೆ.

ಪಿಳ್ಳಣ್ಣ ಬಾಗಿಲಿಗೆ ಹೆಗಲು ಕೊಟ್ಟ. ಚಿಲಕದ ಮೊಳೆಗಳು ಮರ ಬಿಟ್ಟು ಬಂದವು. ಒಳಗೆ ಬಂದವನೇ ಗೂಟದಲ್ಲಿದ್ದ ಟವಲು ನನ್ನ ಮೇಲೆ ಹಾಕಿ ತೋಳು ಹಿಡಿದ. ಜಾರಿತು.

"ಅಣ್ಣೋ, ನೀನೇನು ಕೆರೆ ಮೀನಾ? ಹಿಡುದ್ರೆ ಸಿಗಾಕಿಲ್ಲ!" ಅಂದ. ನಾನು ನಗಲಿಲ್ಲ. ಅವನೂ ನಿಲ್ಲಿಸಿದ. "ಮುನಿರತ್ನಮ್ಮ, ಒಂದು ಗೋಣಿಚೀಲ ಕೊಡವ್ವ."

ಅವಳು ಗೋಡೆಯ ಕಡೆ ಮುಖ ಮಾಡಿಕೊಂಡು ಹಿಂದಿನಿಂದ ಕೈ ಚಾಚಿ ಚೀಲ ಕೊಟ್ಟಳು. ಪಿಳ್ಳಣ್ಣ ಅದನ್ನು ನನ್ನ ಕಾಲಡಿಗೆ ಹಾಸಿ ಎಬ್ಬಿಸಿದ ಮೇಲೆ ಅವಳು ಪಂಚೆ ಕೊಟ್ಟಳು.

ಸಂಜೆ ದೇವೇಂದ್ರ ಬೈಯಲಿಲ್ಲ. ಬೈದಿದ್ದರೆ ನನಗೂ ಒಂದು ಮಾತು ಹೇಳಲು ಆಗುತ್ತಿತ್ತು.

"ಅಪ್ಪ, ನೀನೇ ಹೇಳು. ಈ ಟಬ್ಬು ಗುಜರಿಗೇ ವಾಪಸ್ ಹಾಕಿ ಬರ್ತೀನಿ, ಚಿಲಕ ಹೊಡುಸ್ತೀನಿ, ಚೊಂಬಲ್ಲಿ ಸ್ನಾನ ಮಾಡ್ಕೋ. ಇಲ್ಲ, ಟಬ್ಬು ಬೇಕಂದ್ರೆ ಬಾಗ್ಲು ತೆಗ್ದಿರ್ಬೇಕು, ನಾನಿರ್ಬೇಕು."

ಎರಡು ದಿನ ಹೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದೆ. ಸೊಂಟದಲ್ಲಿ ಹಾರೆ ಇಟ್ಟು ಮೀಟಿದ ಹಾಗಾಗಿ ಹಾಗೇ ಬಗ್ಗಿ ನಿಂತೆ.

"ಟಬ್ಬು ಇರ್ಲಿ," ಅಂದೆ.

ಈಗ ಶನಿವಾರ ಅವನು ಬಚ್ಚಲ ಹೊಸ್ತಿಲ ಮೇಲೆ ನನಗೆ ಬೆನ್ನು ಹಾಕಿ ಕೂತಿರುತ್ತಾನೆ. ನಡುಮನೆಯ ಟೀವಿ ಕೇಳುತ್ತದೆ. ಬಾಗಿಲಿಂದ ಗಾಳಿ ಬರುತ್ತದೆ, ನೀರು ಬೇಗ ಆರುತ್ತದೆ. ಆದರೂ ನೋವು ಇಳಿಯುತ್ತದೆ, ಇಲ್ಲವೆನ್ನುವಂತಿಲ್ಲ. ಸಾಕೆನಿಸಿದಾಗ ಕೈ ಚಾಚುತ್ತೇನೆ. ಅವನು ಯಾರೋ ಗಿರಾಕಿಯೊಡನೆ ಫೋನಿನಲ್ಲಿ ಮಾತಾಡುತ್ತಿರುತ್ತಾನೆ. ಮಾತು ಮುಗಿಯಲಿ ಎಂದು ಕಾಯುತ್ತೇನೆ.